ಒಬ್ಬರೇ ನಿಂತು ಇಡೀ ಚಾಳ್ ತೋರಿಸಿದ ಪು.ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಮನೆಗಳಲ್ಲೂ ಪು.ಲ. ದೇಶಪಾಂಡೆ ಹೆಸರು ಹೊಸದಲ್ಲ. ಮರಾಠಿ ಸಾಲಿ ಕಲಿತವರು ಅವರನ್ನು ಪುಸ್ತಕದೊಳಗೆ ಓದಿದರು, ಉಳಿದವರು ಕ್ಯಾಸೆಟ್‌ನೊಳಗೆ ಕೇಳಿದರು. ಲೇಖಕ, ನಟ, ಗಾಯಕ, ಹಾರ್ಮೋನಿಯಂ ವಾದಕ ಹೀಗೆ ಎಲ್ಲವೂ ಆಗಿದ್ದ ಈ ಮನುಷ್ಯನ ದೊಡ್ಡ ಬಂಡವಾಳ ಅಂದ್ರೆ ಕಿವಿ. ಒಬ್ಬರ ಮಾತಿನ ಧಾಟಿ ಒಮ್ಮೆ ಕಿವಿಗೆ ಬಿತ್ತೆಂದರೆ ಮುಗೀತು, ಅದು ಹಾಗೇ ನಾಲಿಗೆ ಮೇಲೆ ಬರುತ್ತಿತ್ತು.

ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆ ಹುಟ್ಟಿದ್ದು 1919ರ ನವೆಂಬರ್ 8ರಂದು, ಮುಂಬಯಿಯಲ್ಲಿ. ತಾಯಿಯ ತಂದೆ ಕಾರವಾರ ಕಡೆಯವರು. ಪು.ಲ. ಬೆಳೆದದ್ದು ಪಾರ್ಲೆಯಲ್ಲಿ. ಕಾಯದೆ ಓದಿದರೂ ವಕೀಲಿ ಮಾಡಲಿಲ್ಲ, ಮಾಸ್ತರಿಕೆ ಮಾಡಿದರು. 1946ರ ಜೂನ್ 12ರಂದು ಸುನೀತಾಬಾಯಿ ಅವರ ಜತೆ ಮದುವೆ ಆಯಿತು. 1948ರ 'ವಂದೇ ಮಾತರಂ' ಚಿತ್ರದಲ್ಲಿ ಗಂಡ-ಹೆಂಡತಿ ಇಬ್ಬರೂ ನಟಿಸಿದರು. 1953ರ 'ಗುಳಾಚಾ ಗಣಪತಿ'ಯಲ್ಲಂತೂ ಕಥೆ, ಸಂಭಾಷಣೆ, ಸಂಗೀತ, ನಿರ್ದೇಶನ, ನಾಯಕನ ಪಾತ್ರ ಎಲ್ಲಾ ಇವರದ್ದೇ. ಆ ಚಿತ್ರಕ್ಕೆ ಅಭಂಗ ಹಾಡಿದವರು ನಮ್ಮ ಗದಗ ಕಡೆಯ ಭೀಮಸೇನ ಜೋಶಿ.

ಸಿನಿಮಾಕ್ಕಿಂತ ರಂಗದ ಮೇಲೆ ಪು.ಲ. ಹೆಚ್ಚು ಬೆಳಗಿದರು. 1961ರಲ್ಲಿ 'ಬಟಾಟ್ಯಾಚಿ ಚಾಳ' ಏಕಪಾತ್ರಾಭಿನಯ ಶುರುವಾಯಿತು. ಪರದೆ, ಬಣ್ಣ, ವೇಷ ಬದಲಿಸುವುದು ಯಾವುದೂ ಇಲ್ಲ. ದನಿ ಬದಲಾದರೆ ಮನುಷ್ಯ ಬದಲಾದ. ಮುಂಬಯಿ ಚಾಳಿನ ಕಾರಕೂನ, ಮಾಸ್ತರ, ಜಗಳಗಂಟ, ಹಾಡುವ ಹುಚ್ಚಿನವ ಎಲ್ಲರೂ ಒಬ್ಬರೊಳಗಿಂದಲೇ ಹೊರಬಂದರು. 'ಮ್ಹೈಸ್' ಎಂಬ ಕಥನದಲ್ಲಿ ಬಸ್ಸಿಗೆ ಎಮ್ಮೆ ಅಡ್ಡ ಬಂದದ್ದೇ ನೆಪ. ಡ್ರೈವರ್, ಪ್ಯಾಸೆಂಜರ್, ಪುಢಾರಿ, ಪೊಲೀಸ್ ಒಬ್ಬೊಬ್ಬರದೂ ಒಂದೊಂದು ಮರಾಠಿ.

ಗಡಿ ಭಾಗದ ನಮಗೆ ಹತ್ತಿರ ಆಗೋದು ಮಾತ್ರ 'ರಾವಸಾಹೇಬ'. 1950ರ ದಶಕದಲ್ಲಿ ಪು.ಲ. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಆಗ ಗೆಳೆಯರಾದವರು ನಾಟಕ-ಗಾಯನದ ಹುಚ್ಚಿನ ಕೃಷ್ಣರಾವ್ ಹರಿಹರ. ಅವರ ಮರಾಠಿಗೆ ಕನ್ನಡದ ಎಳೆತ. ಮರಾಠಿಯ ಲಿಂಗಗಳೆಲ್ಲ ಅದರಲ್ಲಿ ಅದಲುಬದಲು. ಮಾತಿಗೊಂದು ಬೈಗುಳ ಬೇರೆ.

ಇಂಥ ಮಾತನ್ನು ಅಣಕಿಸುವುದು ಸುಲಭ. ಪುಣೆ, ಮುಂಬಯಿಗೆ ಓದಲಿಕ್ಕೆ, ನೌಕರಿಗೆ ಹೋದ ನಮ್ಮ ಹುಡುಗರು ಆ ನಗೆಯನ್ನು ಉಂಡವರೇ. ಪು.ಲ. ಸಹ ಆ ಮಾತಿನಿಂದಲೇ ನಗಿಸುತ್ತಾರೆ, ಒಂದು ತಪ್ಪನ್ನೂ ತಿದ್ದುವುದಿಲ್ಲ. ಆದರೆ ನಗುತ್ತ ಹೋದಂತೆ ರಾವಸಾಹೇಬರ ದೊಡ್ಡ ಮನಸ್ಸು, ಗೆಳೆಯರ ಮೇಲಿನ ಜೀವ ಕಾಣುತ್ತದೆ. ಕೊನೆಗೆ ಕೇಳುವವರ ಗಂಟಲು ಕಟ್ಟುತ್ತದೆ. ತಪ್ಪು ಮರಾಠಿ ಆಡುವ ಮನುಷ್ಯ ಶುದ್ಧ ಮರಾಠಿಯವರ ಮನೆಮನೆಯ ಪ್ರೀತಿಯವನಾದ. ಅಣಕಕ್ಕೂ ಅನುಕರಣೆಗೂ ಇರುವ ಫರಕು ಇದೇ.

'ವ್ಯಕ್ತಿ ಆಣಿ ವಲ್ಲಿ' ಪುಸ್ತಕಕ್ಕೆ 1965ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1966ರಲ್ಲಿ ಪದ್ಮಶ್ರೀ, 1990ರಲ್ಲಿ ಪದ್ಮಭೂಷಣ ಬಂದವು. ನಗಿಸುವವ ಅಂದ ಮಾತ್ರಕ್ಕೆ ಹೊಗಳುಭಟ್ಟ ಆಗಲಿಲ್ಲ. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ 1977ರ ಚುನಾವಣೆಯಲ್ಲಿ ಊರೂರು ಸಭೆ ಮಾಡಿದರು. ಗೆದ್ದ ಮೇಲೆ ಯಾವ ಕುರ್ಚಿಯನ್ನೂ ಕೇಳದೆ ತಮ್ಮ ಕೆಲಸಕ್ಕೆ ಮರಳಿದರು. ಗಳಿಸಿದ ದುಡ್ಡು ಪ್ರತಿಷ್ಠಾನದ ಮೂಲಕ ಸಮಾಜಕ್ಕೇ ಹೋಯಿತು. ಪುಣೆಯ 'ಮುಕ್ತಾಂಗಣ' ವ್ಯಸನಮುಕ್ತಿ ಕೇಂದ್ರ ನಿಂತದ್ದು ಈ ದಂಪತಿಯ ನೆರವಿನಿಂದ. ಹಣದ ಲೆಕ್ಕ, ಶಿಸ್ತು ಎಲ್ಲಾ ಸುನೀತಾಬಾಯಿ ಅವರ ಕೈಯಲ್ಲಿತ್ತು.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರನ್ನು ಕಾಡಿತು. 2000ದ ಜೂನ್ 12ರಂದು ಪುಣೆಯಲ್ಲಿ ತೀರಿಕೊಂಡರು. ಅಂದು ಅವರ ಮದುವೆಯಾಗಿ ಸರಿಯಾಗಿ 54 ವರ್ಷ. ಸುನೀತಾಬಾಯಿ 2009ರಲ್ಲಿ ಹೋದರು.

ಪುಣೆಯಲ್ಲಿ ಅವರ ಹೆಸರಿನ ಉದ್ಯಾನವಿದೆ, ಮುಂಬಯಿಯಲ್ಲಿ ಕಲಾ ಅಕಾಡೆಮಿಯಿದೆ. ಗಡಿ ಮಂದಿಗೆ ಅವರು ಬಿಟ್ಟು ಹೋದದ್ದು ಮಾತ್ರ ರಾವಸಾಹೇಬ. ಎರಡು ಭಾಷೆ ಬೆರೆತ ನಾಲಿಗೆಗೂ ಮರ್ಯಾದೆ ಉಂಟು ಅಂತ ತೋರಿಸಿಕೊಟ್ಟ ಪಾತ್ರ ಅದು.