ಬೆಳ್ಳಾವೆ ವೆಂಕಟನಾರಣಪ್ಪ: ಪಾದರಸದಿಂದ ಪಂಪನವರೆಗೆ

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಬೆಳ್ಳಾವೆ ವೆಂಕಟನಾರಣಪ್ಪನವರನ್ನು (1872–1943) ಬಲ್ಲುದು ಪಂಪಭಾರತದ ಸಂಪಾದಕರೆಂದು. ಆದರೆ ಅವರ ವೃತ್ತಿ ಬೇರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು.

ಆ ಕಾಲೇಜಿಗೂ ಹವೆಗೂ ಹಳೆಯ ನಂಟು. ಅದರ ಪ್ರಾಂಶುಪಾಲರಾಗಿದ್ದ ಜಾನ್ ಕುಕ್ ಅವರೇ 1890ರ ದಶಕದಲ್ಲಿ ಮೈಸೂರು ಸಂಸ್ಥಾನದ ಹವಾಮಾನ ವೀಕ್ಷಣೆಯ ನಿರ್ದೇಶಕರೂ ಆಗಿದ್ದರು. ಭೌತಶಾಸ್ತ್ರವನ್ನು ಕೇವಲ ಪುಸ್ತಕದಿಂದ ಕಲಿಯಲಾಗದೆಂಬುದಕ್ಕೆ ಬೆಂಗಳೂರಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಹದಿನೇಳನೆಯ ಶತಮಾನದ ಇಟಲಿಯ ಟೊರಿಚೆಲ್ಲಿ ತೋರಿಸಿಕೊಟ್ಟಂತೆ, ಗಾಜಿನ ನಳಿಗೆಯಲ್ಲಿ ಪಾದರಸವನ್ನು ತುಂಬಿ, ಬಾಯಿಗೆ ಬೆರಳೊತ್ತಿ, ಪಾದರಸದ ಬಟ್ಟಲಿನೊಳಗೆ ತಲೆಕೆಳಗಾಗಿ ನಿಲ್ಲಿಸಿದರೆ ಪಾದರಸವು ಸ್ವಲ್ಪವೇ ಇಳಿದು ನಿಂತುಬಿಡುತ್ತದೆ. ಹೊರಗಿನ ಗಾಳಿಯ ಭಾರವೇ ಅದನ್ನು ಎತ್ತಿ ಹಿಡಿದಿರುತ್ತದೆ. ಪಠ್ಯಪುಸ್ತಕ ಹೇಳುವ ಎತ್ತರ 76 ಸೆಂಟಿಮೀಟರು. ಗೋವೆಯ ಕಡಲ ದಂಡೆಯ ಪಣಜಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಸುಮಾರು 920 ಮೀಟರು ಎತ್ತರದ ಬೆಂಗಳೂರಿನಲ್ಲಿ ಅದು 68ರ ಆಸುಪಾಸಿಗೆ ಇಳಿಯುತ್ತದೆ. ಪುಸ್ತಕವೂ ಸುಳ್ಳಲ್ಲ, ಕಣ್ಣೂ ಸುಳ್ಳಲ್ಲ. ತಲೆಯ ಮೇಲಿರುವ ಗಾಳಿಯೇ ಅಷ್ಟು ಕಡಿಮೆ.

ಈ ಅರಿವು ಕಾಲೇಜಿನ ಗೋಡೆಯೊಳಗೇ ಉಳಿಯುವಂಥದಲ್ಲ. ಬೇಸಗೆಯಲ್ಲಿ ವಾಯವ್ಯ ಭಾರತದ ನೆಲ ಕಾದು ಒತ್ತಡ ಕುಸಿದಾಗ ಅರಬ್ಬಿ ಸಮುದ್ರದ ತೇವದ ಗಾಳಿ ಗೋವೆಯ ಕರಾವಳಿಗೆ ನುಗ್ಗಿ ಸಹ್ಯಾದ್ರಿಯನ್ನೇರುತ್ತದೆ. ಬಯಲುಸೀಮೆಗೆ ಇಳಿಯುವಷ್ಟರಲ್ಲಿ ಅದರ ನೀರು ಬಹುಪಾಲು ಸುರಿದುಹೋಗಿರುತ್ತದೆ. ಮುಗಿಲನ್ನೇ ನೋಡುತ್ತ ಕುಳಿತ ರೈತನಿಗೆ ಇದನ್ನು ತಿಳಿಸುವ ಭಾಷೆ ಯಾವುದು? ಕಾಲೇಜಿನ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿತ್ತು. ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದರು. ವಿಷಯವನ್ನು ಬಲ್ಲವರಿಗೆ ಕನ್ನಡದ ಮಾತು ಒದಗದು, ಮಾತು ಒದಗಿದವರಿಗೆ ವಿಷಯ ತಿಳಿಯದು ಎಂಬ ಕಾಲವದು. ಒಂದೊಂದು ಪಾರಿಭಾಷಿಕ ಪದವನ್ನೂ ಹುಡುಕಿ ನಿಲ್ಲಿಸಬೇಕಾಗಿತ್ತು. ಪತ್ರಿಕೆ ಬದುಕಿದ್ದು ಸುಮಾರು ಎರಡು ವರ್ಷ ಮಾತ್ರ.

ಪತ್ರಿಕೆ ನಿಂತರೂ ಅವರು ಪದಗಳ ಬೆನ್ನು ಬಿಡಲಿಲ್ಲ. 'ಜೀವವಿಜ್ಞಾನ' ಎಂಬ ಗ್ರಂಥವನ್ನು ಬರೆದರು. ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ದುಡಿದರು. 1931ರಲ್ಲಿ ಪರಿಷತ್ತು ಪ್ರಕಟಿಸಿದ ಪಂಪಭಾರತದ ಪರಿಷ್ಕರಣದಲ್ಲಿ ಮುಂದಾಳಾಗಿದ್ದರು. ಪಾಠಾಂತರಗಳನ್ನು ತೂಗಿನೋಡುವ ಕೆಲಸಕ್ಕೆ ಅಳತೆಯಲ್ಲಿ ಪಳಗಿದ ಕಣ್ಣು ಒದಗಿಬಂದಿರಬೇಕು. ಪರಿಷತ್ತಿನ ಬೃಹತ್ ಕನ್ನಡ ನಿಘಂಟಿನ ಸಂಪಾದಕ ಸಮಿತಿಗೆ ಮೊದಲ ಅಧ್ಯಕ್ಷರಾದವರೂ ಅವರೇ. ಆ ಹೊಣೆ ಹೊತ್ತ 1943ರಲ್ಲಿಯೇ ಅವರು ತೀರಿಕೊಂಡರು. ನಿಘಂಟಿನ ಮೊದಲ ಸಂಪುಟ ಬೆಳಕು ಕಂಡದ್ದು 1970ರಲ್ಲಿ.