ಕನ್ನಡ ಬಾವುಟ ಕೊಟ್ಟ ಪತ್ತೇದಾರಿ ಕಾದಂಬರಿಕಾರ

ಝರಾಸಂಗಂ: ಇಲ್ಲಿನ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಬೀದರ್, ಕಲಬುರಗಿ ಕಡೆಯಿಂದ ಭಕ್ತರು ಬರುತ್ತಲೇ ಇರುತ್ತಾರೆ. ಕೆಲವರ ಗಾಡಿ ಮುಂದೆ ಹಳದಿ-ಕೆಂಪು ಬಾವುಟ ಕಟ್ಟಿರುವುದನ್ನು ಊರವರು ನೋಡಿಯೇ ಇರ್ತಾರೆ. ನವೆಂಬರ್ 1 ಬಂತೆಂದರೆ ಗಡಿ ಕನ್ನಡಿಗರ ಕೈಯಲ್ಲೂ ಅದೇ ಬಾವುಟ. ಆದರೆ ಅದನ್ನು ರೂಪಿಸಿದವರು ಯಾರು ಅಂತ ಕೇಳಿದರೆ ಹೆಸರು ಹೇಳೋರು ಕಡಿಮೆ. ಕೊಲೆ, ಕಳವು, ಮಾರುವೇಷದ ಕಥೆ ಬರೆದು ಒಂದು ಕಾಲದ ಓದುಗರ ನಿದ್ದೆ ಕೆಡಿಸಿದ್ದ ಮ.ರಾಮಮೂರ್ತಿ ಅವರೇ ಈ ಬಾವುಟದ ಕರ್ತೃ ಅನ್ನೋದು ವಿಶೇಷ.

ಅಪ್ಪನಿಂದ ಬಂದ ಬರವಣಿಗೆ

ರಾಮಮೂರ್ತಿ ಹುಟ್ಟಿದ್ದು 1918ರ ಮಾರ್ಚ್ 11ರಂದು, ನಂಜನಗೂಡಿನಲ್ಲಿ. ತಂದೆ ಸೀತಾರಾಮ ಶಾಸ್ತ್ರಿ 'ವೀರಕೇಸರಿ' ಪತ್ರಿಕೆ ನಡೆಸಿದವರು. ಪತ್ರಿಕೆಯ ಹೆಸರೇ ಅವರಿಗೆ ಅಂಟಿಕೊಂಡು ವೀರಕೇಸರಿ ಸೀತಾರಾಮ ಶಾಸ್ತ್ರಿ ಎಂದೇ ನಾಡಿಗೆ ಪರಿಚಿತರಾದರು. ಕಾದಂಬರಿಗಳನ್ನೂ ಬರೆದರು. ಹೀಗಾಗಿ ಅಚ್ಚಿನ ಮನೆ, ಕಾಗದ, ಮಸಿ ಎಲ್ಲ ಮಗನಿಗೆ ಚಿಕ್ಕಂದಿನಿಂದಲೇ ಪರಿಚಯ. ರಾಮಮೂರ್ತಿ ತಂದೆಯ ದಾರಿಯಲ್ಲೇ ಪತ್ರಿಕೆಗಳಲ್ಲಿ ದುಡಿದರು. ಆದರೆ ಅವರಿಗೆ ಹೆಸರು ಕೊಟ್ಟದ್ದು ಪತ್ತೇದಾರಿ ಕಾದಂಬರಿ. ನೂರಕ್ಕೂ ಹೆಚ್ಚು ಬರೆದರು.

ಈ ಕಾದಂಬರಿಗಳಿಗೆ ವಿಮರ್ಶಕರು ಅಷ್ಟೇನೂ ಬೆಲೆ ಕೊಡಲಿಲ್ಲ. ಓದುಗರು ಮಾತ್ರ ಬಿಡಲಿಲ್ಲ. ಕಡಿಮೆ ಬೆಲೆ, ಸಣ್ಣ ಗಾತ್ರ, ಸುಲಭ ಕನ್ನಡ. ಬಸ್ ನಿಲ್ದಾಣದಲ್ಲಿ ಕೊಂಡು ಊರು ಬರೋದರೊಳಗೆ ಓದಿ ಮುಗಿಸಬಹುದು. ದುಡ್ಡಿಲ್ಲದವರು ಬಾಡಿಗೆ ಲೈಬ್ರರಿಯಿಂದ ತಂದು ಓದುತ್ತಿದ್ದರು. ಪ್ರತಿ ಅಧ್ಯಾಯದ ಕೊನೆಗೆ ಒಂದು ಗಂಟು. ಅದು ಬಿಚ್ಚುವ ತನಕ ಪುಸ್ತಕ ಕೆಳಗಿಡೋ ಹಂಗಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟ ಎಷ್ಟೋ ಮಂದಿಗೆ ಸರಾಗವಾಗಿ ಕನ್ನಡ ಓದೋ ರೂಢಿ ಬಂದದ್ದು ಇಂಥ ಪುಸ್ತಕಗಳಿಂದಲೇ ಎಂದರೆ ತಪ್ಪಾಗಲಾರದು.

ಭಾಷೆ ಬೇರೆ, ಹುಚ್ಚು ಒಂದೇ

ಆ ಕಾಲದಲ್ಲಿ ಸುತ್ತಲಿನ ಭಾಷೆಗಳಲ್ಲೂ ಇದೇ ಹುಚ್ಚು. ಮರಾಠಿಯಲ್ಲಿ ಬಾಬುರಾವ್ ಅರ್ನಾಳಕರ್ ಸಾವಿರಕ್ಕೂ ಹೆಚ್ಚು ರಹಸ್ಯಕಥೆ ಬರೆದರು. ಉರ್ದುವಿನಲ್ಲಿ ಇಬ್ನೆ ಸಫಿ ಅವರ 'ಜಾಸೂಸಿ ದುನಿಯಾ' 1952ರಲ್ಲಿ ಶುರುವಾಯಿತು. ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವ್ ಅವರ ಪತ್ತೇದಾರ ಯುಗಂಧರ್ ಮನೆಮಾತಾದ. ಕನ್ನಡದಲ್ಲಿ ರಾಮಮೂರ್ತಿ ಜೊತೆಗೆ ಎನ್.ನರಸಿಂಹಯ್ಯ ಇದ್ದರು. ಬರೀ ನಾಲ್ಕನೇ ಇಯತ್ತೆ ಓದಿದ ಅವರು ಐನೂರರಷ್ಟು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಹಳಬರು ಇನ್ನೂ ಮರೆತಿಲ್ಲ. ಅವರ ಹಿಂದೆ ಬಂದ ಟಿ.ಕೆ.ರಾಮರಾವ್ ಅಪರಾಧ ಕಥೆಗಳಿಗೆ ಹೆಸರಾದರೂ 'ಬಂಗಾರದ ಮನುಷ್ಯ' ಬರೆದವರೂ ಅವರೇ.

ಲೇಖನಿ ಬಿಟ್ಟು ಬೀದಿಗೆ

ರಾಮಮೂರ್ತಿ ಉಳಿದವರಿಗಿಂತ ಬೇರೆಯಾದದ್ದು ಇಲ್ಲಿ. 1956ರಲ್ಲಿ ಕನ್ನಡ ರಾಜ್ಯ ಒಂದಾಯಿತು. ಆದರೂ ಬೆಂಗಳೂರಿನಲ್ಲಿ ಕನ್ನಡ ಹಿಂದೆ ಸರಿದೇ ನಿಂತಿತ್ತು. ಚಿತ್ರಮಂದಿರಗಳಲ್ಲಿ ಕನ್ನಡ ಚಿತ್ರಗಳಿಗೆ ಜಾಗ ಕಡಿಮೆ, ರಾಮೋತ್ಸವದ ಸಂಗೀತ ಕಛೇರಿಗಳಲ್ಲಿ ಕನ್ನಡದ ಕಲಾವಿದರಿಗೆ ಮನ್ನಣೆ ಇಲ್ಲ ಎಂಬ ಕೂಗು ಎದ್ದಿತು. 1962ರ ಹೊತ್ತಿಗೆ ಅ.ನ.ಕೃಷ್ಣರಾಯರ ಮುಂದಾಳತ್ವದಲ್ಲಿ ಚಳವಳಿ ಬಿಸಿಯೇರಿತು. ಅದರಲ್ಲಿ ರಾಮಮೂರ್ತಿ ಮುಂಚೂಣಿಗೆ ಬಂದರು. ಮುಂದೆ ಕನ್ನಡ ಪಕ್ಷ ಅಂತ ಒಂದು ಪಕ್ಷವನ್ನೇ ಕಟ್ಟಿದರು.

ಮೆರವಣಿಗೆ ಹೊರಟರೆ ಕನ್ನಡಿಗರ ಕೈಯಲ್ಲಿ ಹಿಡಿಯಲು ತಮ್ಮದೇ ಒಂದು ಬಾವುಟ ಇರಲಿಲ್ಲ. ಆ ಕೊರತೆ ತುಂಬಲು 1960ರ ದಶಕದಲ್ಲಿ ಅವರು ಧ್ವಜ ರೂಪಿಸಿದರು. ಮನೆಯ ಅರಿಶಿನ-ಕುಂಕುಮದ ಬಣ್ಣವೇ ಬಾವುಟದ ಬಣ್ಣವಾಯಿತು. ಸರ್ಕಾರದ ಆದೇಶ ಇಲ್ಲ, ಕಾನೂನಿನ ಬಲವೂ ಇಲ್ಲ. ಆದರೂ ಆಟೋ ಚಾಲಕರಿಂದ ಹಿಡಿದು ಹಳ್ಳಿ ಸಂಘದವರೆಗೆ ಜನ ತಾವಾಗಿಯೇ ಅದನ್ನು ಎತ್ತಿಕೊಂಡರು.

ಬಾವಿಯಲ್ಲಿ ಮುಗಿದ ಬದುಕು

ಬಾವುಟ ಊರೂರಿಗೆ ಹರಡಿದ್ದನ್ನು ನೋಡೋ ಭಾಗ್ಯ ಅವರಿಗೆ ಇರಲಿಲ್ಲ. 1967ರ ಡಿಸೆಂಬರ್ 25ರಂದು ಬೆಂಗಳೂರು ಹೊರಗಿನ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುತ್ತಿದ್ದರು. ಮಣ್ಣು ಕುಸಿದುಬಿತ್ತು. ರಾಮಮೂರ್ತಿ ಜೊತೆಗೆ ಅವರ ಇಬ್ಬರು ಗಂಡುಮಕ್ಕಳೂ ಹೋದರು. ಒಂದೇ ದಿನ ಹೆಂಡತಿ ಕಮಲಮ್ಮನವರು ಗಂಡನನ್ನೂ ಮಕ್ಕಳನ್ನೂ ಕಳಕೊಂಡರು. ರಾಮಮೂರ್ತಿಗೆ ಆಗ ಇನ್ನೂ 49 ವರ್ಷ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಅವರು ತೀರಿಕೊಂಡ ಆರು ವರ್ಷದ ಮೇಲೆ.

ಬೆಂಗಳೂರಿನ ರಾಮಮೂರ್ತಿನಗರ ಅವರ ಹೆಸರಿನದೇ. ದಿನಾ ಅಲ್ಲಿ ಓಡಾಡೋರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ! 2018ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಹಳದಿ-ಕೆಂಪಿನ ನಡುವೆ ಬಿಳಿ ಸೇರಿಸಿ ಹೊಸ ನಾಡಧ್ವಜ ಅನಾವರಣ ಮಾಡಿ ಕೇಂದ್ರದ ಒಪ್ಪಿಗೆ ಕೇಳಿತು. ಆದರೂ ಜನರ ಕೈಯಲ್ಲಿ ಉಳಿದಿರುವುದು ಹಳೆಯ ಎರಡು ಬಣ್ಣದ ಬಾವುಟವೇ.

ಗಡಿ ಮನೆಗಳಲ್ಲಿ ಓದು ಉಳಿಯಬೇಕಿದೆ

ಕನ್ನಡ ನಾಡು ಒಂದಾದ ಅದೇ 1956ರಲ್ಲಿ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ, ಗುಲ್ಬರ್ಗ ಜಿಲ್ಲೆಯ ತಾಂಡೂರು ಆಂಧ್ರದ ಪಾಲಾದವು. 2014ರಿಂದ ತೆಲಂಗಾಣದಲ್ಲಿವೆ. ಈ ಭಾಗದ ಬಹಳ ಮನೆಗಳಲ್ಲಿ ಅಜ್ಜ-ಅಜ್ಜಿ ಕನ್ನಡ ಓದಬಲ್ಲರು, ಮೊಮ್ಮಕ್ಕಳಿಗೆ ಮಾತಷ್ಟೇ ಬರುತ್ತದೆ. ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಕಲಿಯೋ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸೋದು ಮನೆಯವರದೇ ಹೊಣೆ. ಅಕ್ಷರ ಕಲಿತ ಮೇಲೂ ರುಚಿ ಹತ್ತದಿದ್ದರೆ ಓದು ನಿಲ್ಲೋದಿಲ್ಲ. ಆ ರುಚಿ ಹತ್ತಿಸೋ ಕೆಲಸವನ್ನೇ ರಾಮಮೂರ್ತಿ ಬದುಕಿಡೀ ಮಾಡಿದ್ದು.

ರಾಜ್ಯೋತ್ಸವಕ್ಕೆ ಬಾವುಟ ತರಲು ಬೀದರಿಗೆ ಹೋಗೋರು ಬರುವಾಗ ಒಂದು ಪತ್ತೇದಾರಿ ಕಾದಂಬರಿಯನ್ನೂ ತಂದು ಮಕ್ಕಳ ಕೈಗಿಟ್ಟರೆ ಸಾಕು, ಅವರ ಎರಡೂ ಕೆಲಸವನ್ನು ನೆನೆದಂತಾಗುತ್ತದೆ.