ಮಾತನ್ನು ಅಂಕಿಯಾಗಿಸಿದ ಅಲೆಕ್ ರೀವ್ಸ್

ಒಂದು ಊರಿನಲ್ಲಿ ಕೇಳಿದ ಹಾಡನ್ನು ಒಬ್ಬನು ಪಕ್ಕದ ಊರಿಗೆ ಹೋಗಿ ಹಾಡುತ್ತಾನೆ. ಅಲ್ಲಿ ಅದನ್ನು ಕೇಳಿದವನು ಮುಂದಿನ ಊರಿನಲ್ಲಿ ಹಾಡುತ್ತಾನೆ. ಹೀಗೆ ಹತ್ತು ಊರುಗಳನ್ನು ದಾಟುವಷ್ಟರಲ್ಲಿ ರಾಗವೂ ಮಾತೂ ತಮ್ಮ ಮೊದಲಿನ ರೂಪವನ್ನು ಕಳೆದುಕೊಂಡಿರುತ್ತವೆ. ಆದರೆ ಒಬ್ಬನು ಏಳು ಹುಣಸೆಬೀಜಗಳನ್ನು ಎಣಿಸಿ ಆ ಲೆಕ್ಕವನ್ನು ಮತ್ತೊಬ್ಬನಿಗೆ ಹೇಳಿದರೆ, ಅವನೂ ಏಳು ಬೀಜಗಳನ್ನೇ ಎಣಿಸಿ ಮುಂದಿನವನಿಗೆ ಹೇಳಿದರೆ, ನೂರು ಊರುಗಳನ್ನು ದಾಟಿದ ಮೇಲೂ ಏಳು ಏಳಾಗಿಯೇ ಉಳಿಯುತ್ತದೆ. ಹಾಡು ಕೆಡುತ್ತದೆ, ಎಣಿಕೆ ಕೆಡುವುದಿಲ್ಲ. ಈ ಸರಳವಾದ ಸತ್ಯವನ್ನು ದೂರವಾಣಿಗೆ ಅನ್ವಯಿಸಿ, ಮನುಷ್ಯನ ಮಾತನ್ನೇ ಎಣಿಕೆಯಾಗಿ ಮಾರ್ಪಡಿಸುವ ವಿಧಾನವನ್ನು ರೂಪಿಸಿದವರು ಅಲೆಕ್ ಹಾರ್ಲೆ ರೀವ್ಸ್.

ರೀವ್ಸ್ ಅವರು 1902ನೆಯ ಇಸವಿ ಮಾರ್ಚ್ 10ರಂದು ಇಂಗ್ಲೆಂಡಿನ ಸರ್ರೆ ಪ್ರಾಂತದ ರೆಡ್‌ಹಿಲ್ ಎಂಬ ಊರಿನಲ್ಲಿ ಜನಿಸಿದರು. ಅವರ ತಂದೆ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ನಕಾಶೆಗಳ ಪಾಲಕರಾಗಿದ್ದರು; ದೂರದೇಶಗಳಿಗೆ ಹೊರಡುವ ಅನ್ವೇಷಕರಿಗೆ ಭೂಮಾಪನವನ್ನು ಕಲಿಸುತ್ತಿದ್ದರು. ಬೆಟ್ಟದ ಎತ್ತರವನ್ನೂ ಕಣಿವೆಯ ಆಳವನ್ನೂ ಅಳೆದು ಅಂಕಿಗಳಲ್ಲಿ ಬರೆದುಕೊಂಡರೆ, ಆ ನೆಲವನ್ನು ಎಂದೂ ಕಾಣದವನು ಸಹ ಅದರ ರೂಪವನ್ನು ಕಾಗದದ ಮೇಲೆ ಮೂಡಿಸಬಲ್ಲನು. ತಂದೆಯು ನೆಲವನ್ನು ಅಳೆಯುವ ವಿದ್ಯೆಯಲ್ಲಿ ಬಾಳನ್ನು ಕಳೆದರೆ, ಮಗನು ಮುಂದೆ ಧ್ವನಿಯನ್ನು ಅಳೆಯುವ ವಿದ್ಯೆಯನ್ನು ಕಂಡುಹಿಡಿದುದು ಗಮನಾರ್ಹವಾದ ಸಂಗತಿ.

ಲಂಡನ್ನಿನಲ್ಲಿ ಎಂಜಿನಿಯರಿಂಗ್ ಶಿಕ್ಷಣವನ್ನು ಮುಗಿಸಿದ ರೀವ್ಸ್ 1923ರಲ್ಲಿ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಎಂಬ ಸಂಸ್ಥೆಯನ್ನು ಸೇರಿದರು. ಅಟ್ಲಾಂಟಿಕ್ ಸಾಗರದ ಆಚೆ ಈಚೆಯ ಜನರು ರೇಡಿಯೋ ಅಲೆಗಳ ಮೂಲಕ ಪರಸ್ಪರ ಮಾತನಾಡುವಂತೆ ಮಾಡುವ ಸಾಹಸದಲ್ಲಿ ಆಗ ಎಂಜಿನಿಯರುಗಳು ತೊಡಗಿದ್ದರು. ತರುಣ ರೀವ್ಸ್ ಆ ತಂಡದಲ್ಲಿ ದುಡಿದರು. 1927ರ ಜನವರಿಯಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ನಗರಗಳ ನಡುವೆ ಈ ಸೇವೆಯು ಸಾರ್ವಜನಿಕರಿಗೆ ತೆರೆಯಿತು. ಮೂರು ನಿಮಿಷದ ಮಾತಿಗೆ 15 ಪೌಂಡುಗಳನ್ನು ತೆರಬೇಕಾಗಿತ್ತು. ಇಷ್ಟು ಹಣ ತೆತ್ತರೂ ಕೇಳಿಬರುತ್ತಿದ್ದ ಧ್ವನಿ ನಿರ್ಮಲವಾಗಿರುತ್ತಿರಲಿಲ್ಲ. ಗೊರಗೊರ ಸದ್ದಿನ ನಡುವೆ ಮಾತು ಮುಳುಗಿ ಏಳುತ್ತಿತ್ತು.

ಅದೇ ವರ್ಷ ರೀವ್ಸ್ ಪ್ಯಾರಿಸ್ಸಿನ ಸಂಶೋಧನಾಲಯಕ್ಕೆ ತೆರಳಿದರು. ಹ್ರಸ್ವ ತರಂಗಗಳ ಮೂಲಕ ದೂರದೂರದ ನಾಡುಗಳಿಗೆ ದೂರವಾಣಿ ಸಂಪರ್ಕವನ್ನು ಕಲ್ಪಿಸುವ ಕಾರ್ಯದಲ್ಲಿ ಅವರು ಅಲ್ಲಿ ಅನೇಕ ವರ್ಷಗಳನ್ನು ಕಳೆದರು. ಎಲ್ಲಿ ಹೋದರೂ ಅವರನ್ನು ಎದುರುಗೊಂಡ ಶತ್ರು ಒಂದೇ: ಗದ್ದಲ.

ಈ ಗದ್ದಲದ ಸ್ವರೂಪವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ನಾವು ದೂರವಾಣಿಯಲ್ಲಿ ಮಾತನಾಡಿದಾಗ ಧ್ವನಿಯ ಏರಿಳಿತಕ್ಕೆ ಸರಿಯಾಗಿ ತಂತಿಯಲ್ಲಿ ವಿದ್ಯುತ್ತು ಏರಿಳಿಯುತ್ತದೆ. ದೂರ ಹೋದಂತೆಲ್ಲ ಈ ವಿದ್ಯುತ್ತು ಕ್ಷೀಣಿಸುತ್ತದೆ. ಆದುದರಿಂದ ದಾರಿಯಲ್ಲಿ ಅಲ್ಲಲ್ಲಿ ಅದನ್ನು ವರ್ಧಿಸುವ ಯಂತ್ರಗಳನ್ನು ಇಡಬೇಕು. ಆದರೆ ದಾರಿಯಲ್ಲಿ ಸೇರಿಕೊಂಡ ಗದ್ದಲವನ್ನೂ ಆ ಯಂತ್ರಗಳು ಮಾತಿನೊಡನೆಯೇ ವರ್ಧಿಸುತ್ತವೆ. ಯಾವುದು ಮಾತು, ಯಾವುದು ಗದ್ದಲ ಎಂಬ ವಿವೇಚನೆ ಅವುಗಳಿಗಿಲ್ಲ. ಹೀಗೆ ಒಂದೊಂದು ಮಜಲಿನಲ್ಲಿಯೂ ಕಲ್ಮಷ ಬೆಳೆಯುತ್ತಾ ಹೋಗಿ, ಕಡೆಗೆ ಮಾತೇ ತಿಳಿಯದಂತಾಗುತ್ತದೆ. ಇನ್ನೂ ಗಟ್ಟಿಯಾಗಿ ಕೂಗುವುದರಿಂದ ಈ ತೊಂದರೆ ನೀಗುವಂತಿರಲಿಲ್ಲ.

1937ರಲ್ಲಿ ರೀವ್ಸ್ ಅವರಿಗೆ ಪರಿಹಾರವು ಹೊಳೆಯಿತು. ಏರಿಳಿಯುವ ಅಲೆಯನ್ನೇ ಕಳುಹಿಸುವ ಬದಲು ಅಲೆಯ ಅಳತೆಯನ್ನು ಮಾತ್ರ ಏಕೆ ಕಳುಹಿಸಬಾರದು ಎಂದು ಅವರು ಆಲೋಚಿಸಿದರು. ನದಿಯ ನೀರಿನ ಮಟ್ಟವನ್ನು ಗಂಟೆಗೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ ಪ್ರವಾಹದ ಏರಿಳಿತವೆಲ್ಲ ಆ ಅಂಕಿಗಳಿಂದಲೇ ತಿಳಿಯುತ್ತದೆಯಷ್ಟೆ. ಹಾಗೆಯೇ ಧ್ವನಿಯ ಅಲೆಯ ಎತ್ತರವನ್ನು ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಮತ್ತು ಸೊನ್ನೆ ಎಂಬ ಎರಡೇ ಅಂಕಿಗಳಿರುವ ದ್ವಿಮಾನ ಪದ್ಧತಿಯಲ್ಲಿ ಬರೆಯಬೇಕು. ವಿದ್ಯುತ್ತಿನ ಮಿಡಿತವೊಂದು ಇದ್ದರೆ ಒಂದು; ಇಲ್ಲದಿದ್ದರೆ ಸೊನ್ನೆ. ದಾರಿಯ ನಡುವಿನ ಯಂತ್ರವು ಮಿಡಿತವಿದೆಯೇ ಇಲ್ಲವೇ ಎಂಬುದನ್ನಷ್ಟೇ ನಿರ್ಣಯಿಸಿ, ಹಳೆಯ ಮಿಡಿತವನ್ನು ಅಲ್ಲಿಯೇ ಬಿಟ್ಟು, ಹೊಚ್ಚ ಹೊಸ ಮಿಡಿತವನ್ನು ಮುಂದಕ್ಕೆ ಕಳುಹಿಸುತ್ತದೆ. ಸೇರಿಕೊಂಡಿದ್ದ ಗದ್ದಲವು ಅಲ್ಲಿಯೇ ಉಳಿದುಹೋಗುತ್ತದೆ. ಕೊನೆಯ ನಿಲ್ದಾಣದಲ್ಲಿ ಅಂಕಿಗಳಿಂದ ಅಲೆಯನ್ನೂ ಅಲೆಯಿಂದ ಧ್ವನಿಯನ್ನೂ ಮರಳಿ ಪಡೆಯಬಹುದು. ಈ ವಿಧಾನಕ್ಕೆ ಪಲ್ಸ್ ಕೋಡ್ ಮಾಡ್ಯುಲೇಷನ್ ಎಂದು ಹೆಸರು.

ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಒಂದು ಮಾತಿಗಾಗಿ ಸಾವಿರಾರು ಮಿಡಿತಗಳು ಓಡಬೇಕಾದುದರಿಂದ ಅವುಗಳಿಗೆ ಬಹಳ ಅಗಲವಾದ ದಾರಿ ಬೇಕು. ದಾರಿಯ ಮಿತವ್ಯಯವೇ ಜಾಣತನವೆಂದು ನಂಬಿದ್ದ ಕಾಲದಲ್ಲಿ, ದಾರಿಯನ್ನು ಧಾರಾಳವಾಗಿ ಬಳಸಿ ನೈರ್ಮಲ್ಯವನ್ನು ಗಳಿಸಬೇಕೆಂದು ಹೇಳುವುದಕ್ಕೆ ಧೈರ್ಯ ಬೇಕಾಗಿತ್ತು. ಚಿತ್ರಗಳನ್ನು ಕಳುಹಿಸುವುದಕ್ಕಾಗಿ ಇಂಥದೇ ಉಪಾಯವೊಂದಕ್ಕೆ ಅಮೆರಿಕದ ಪಾಲ್ ರೈನಿ ಎಂಬವರು 1926ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಆದರೆ ಅದು ಬಳಕೆಗೆ ಬಾರದೆ ಮರೆಯಾಗಿತ್ತು. ಮನುಷ್ಯನ ಮಾತಿಗೆ ಇದನ್ನು ಅನ್ವಯಿಸಿ, ಅದರ ಹಿರಿಮೆಯನ್ನು ಸಂಪೂರ್ಣವಾಗಿ ಅರಿತವರು ರೀವ್ಸ್. ಅವರು 1938ರಲ್ಲಿ ಫ್ರಾನ್ಸಿನಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಅಮೆರಿಕದ ಪೇಟೆಂಟು 1942ರಲ್ಲಿ ದೊರೆಯಿತು.

ಆದರೆ ಕಾಲವು ಅವರ ಕಲ್ಪನೆಗೆ ಇನ್ನೂ ಸಿದ್ಧವಾಗಿರಲಿಲ್ಲ. ಎಣಿಸುವ ಕೆಲಸವನ್ನು ಮಾಡಲು ಆಗ ಇದ್ದ ಸಾಧನವೆಂದರೆ ಗಾಜಿನ ರೇಡಿಯೋ ವಾಲ್ವು. ಅದು ಗಾತ್ರದಲ್ಲಿ ದೊಡ್ಡದು, ಬೇಗನೆ ಕಾಯುವಂಥದು, ಆಗಾಗ ಸುಟ್ಟುಹೋಗುವಂಥದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಲಂಡನ್ ಮತ್ತು ವಾಷಿಂಗ್‌ಟನ್ನಿನ ನಾಯಕರು ಗುಟ್ಟಾಗಿ ಮಾತನಾಡಲು ಸಿಗ್‌ಸ್ಯಾಲಿ ಎಂಬ ವ್ಯವಸ್ಥೆಯು ಸಿದ್ಧವಾಯಿತು. ಅಮೆರಿಕದ ಬೆಲ್ ಪ್ರಯೋಗಾಲಯವು ನಿರ್ಮಿಸಿದ ಅದರಲ್ಲಿ ಧ್ವನಿಯನ್ನು ಅಂಕಿಯಾಗಿಸುವ ತತ್ವವೇ ಅಡಗಿತ್ತು. ಒಂದು ತುದಿಯ ಯಂತ್ರಸಮೂಹವೇ ಸುಮಾರು 50 ಟನ್ನುಗಳಷ್ಟು ಭಾರವಾಗಿತ್ತು. ಅರಸರಿಗೂ ಸೇನಾಧಿಪತಿಗಳಿಗೂ ಸಲ್ಲಬಹುದಾದ ಇಂಥ ವ್ಯವಸ್ಥೆಯು ಜನಸಾಮಾನ್ಯರಿಗೆ ದಕ್ಕುವಂಥದಾಗಿರಲಿಲ್ಲ.

ಅಷ್ಟರಲ್ಲಿ ಯುದ್ಧವು ರೀವ್ಸ್ ಅವರ ಬಾಳನ್ನೂ ಕಲಕಿತ್ತು. 1940ರ ಜೂನ್ ತಿಂಗಳಲ್ಲಿ ಜರ್ಮನ್ ಸೇನೆಯು ಪ್ಯಾರಿಸ್ಸನ್ನು ಆಕ್ರಮಿಸಿದಾಗ ಅವರು ಅಲ್ಲಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಮರಳಿದರು. ರೀವ್ಸ್ ಶಾಂತಿವಾದಿಗಳು, ಮನುಷ್ಯನನ್ನು ಕೊಲ್ಲುವ ಸಾಧನಗಳನ್ನು ನಿರ್ಮಿಸುವುದು ಅವರ ಮನಸ್ಸಿಗೆ ಒಗ್ಗದ ಕಾರ್ಯ. ಆದರೆ ಕತ್ತಲೆಯಲ್ಲಿ ಗುರಿಯಿಲ್ಲದೆ ಬೀಳುವ ಬಾಂಬುಗಳಿಂದ ಮುಗ್ಧ ಜನರು ಸಾಯುತ್ತಿದ್ದರು. ಗುರಿಯು ಕರಾರುವಾಕ್ಕಾದಷ್ಟೂ ನಿರಪರಾಧಿಗಳ ಸಾವು ಕಡಮೆಯಾದೀತೆಂಬ ವಿಚಾರವು ಅವರ ಮನಸ್ಸನ್ನು ಒಪ್ಪಿಸಿತು. ಅವರು ಫ್ರಾಂಕ್ ಜೋನ್ಸ್ ಎಂಬ ವಿಜ್ಞಾನಿಯೊಡನೆ ಸೇರಿ ಓಬೋ ಎಂಬ ಮಾರ್ಗದರ್ಶಕ ವ್ಯವಸ್ಥೆಯನ್ನು ರೂಪಿಸಿದರು. ಇಂಗ್ಲೆಂಡಿನಲ್ಲಿದ್ದ ಎರಡು ನಿಲ್ದಾಣಗಳು ರೇಡಿಯೋ ಮಿಡಿತಗಳನ್ನು ಕಳುಹಿಸಿ ವಿಮಾನದ ದೂರವನ್ನು ಅಳೆಯುತ್ತಿದ್ದವು. ಒಂದು ನಿಲ್ದಾಣವು ವಿಮಾನವನ್ನು ಗೊತ್ತಾದ ದಾರಿಯಲ್ಲಿ ನಡೆಸುತ್ತಿತ್ತು. ಮತ್ತೊಂದು ಗುರಿಯ ಕ್ಷಣವನ್ನು ಸೂಚಿಸುತ್ತಿತ್ತು. 1942ರ ಡಿಸೆಂಬರಿನಲ್ಲಿ ಅದು ಮೊದಲ ಸಲ ಬಳಕೆಗೆ ಬಂದಿತು.

ಆದರೂ ಗುರಿ ನಿಖರವಾದ ಮಾತ್ರಕ್ಕೆ ಯುದ್ಧವು ಕರುಣೆಯನ್ನು ಕಲಿಯಲಿಲ್ಲ. ಓಬೋ ಗುರುತಿಸಿದ ಜರ್ಮನಿಯ ಕೈಗಾರಿಕಾ ನಗರಗಳ ಮೇಲೆ ನೂರಾರು ವಿಮಾನಗಳು ಬೆಂಕಿಯ ಮಳೆಯನ್ನು ಸುರಿಸಿದವು. ಅಸಂಖ್ಯ ಜನರು ಮಡಿದರು. ಒಂದು ಸಾಧನವನ್ನು ನಿರ್ಮಿಸಿದವನ ಆಶಯವೇ ಬೇರೆ, ಅದನ್ನು ಬಳಸುವವರ ಉದ್ದೇಶವೇ ಬೇರೆ ಎಂಬ ಕಹಿಸತ್ಯಕ್ಕೆ ಇದೊಂದು ನಿದರ್ಶನ. ಅದೇ ಓಬೋ ಮತ್ತೊಂದು ಕಾರ್ಯಕ್ಕೂ ಒದಗಿತೆಂಬುದನ್ನು ಮರೆಯಬಾರದು. 1945ರ ಏಪ್ರಿಲ್ ಕೊನೆಯಲ್ಲಿ, ಹಸಿವಿನಿಂದ ಸಾಯುತ್ತಿದ್ದ ಹಾಲೆಂಡಿನ ಜನರಿಗೆ ಬ್ರಿಟಿಷ್ ವಿಮಾನಗಳು ಆಹಾರದ ಮೂಟೆಗಳನ್ನು ಬೀಳಿಸಿದವು. ಆ ಮೂಟೆಗಳು ಬೀಳಬೇಕಾದ ಸ್ಥಳಗಳನ್ನು ಗುರುತಿಸಿದ ವಿಮಾನಗಳಿಗೆ ದಾರಿ ತೋರಿದ್ದು ಓಬೋ. ಸಾವಿನ ಗುರುತನ್ನು ಇಟ್ಟ ಸಾಧನವೇ ಅನ್ನದ ಗುರುತನ್ನೂ ಇಟ್ಟಿತು.

ಯುದ್ಧಾನಂತರ ರೀವ್ಸ್ ಮತ್ತೆ ತಮ್ಮ ಮೆಚ್ಚಿನ ಕ್ಷೇತ್ರಕ್ಕೆ ಹಿಂದಿರುಗಿದರು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರಿನ ಜನನವಾಯಿತು. ಪುಟ್ಟದಾದ, ಕಾಯದ, ಬಾಳಿಕೆ ಬರುವ ಈ ಸಾಧನವು ವಾಲ್ವಿನ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. 1962ರಲ್ಲಿ ಅಮೆರಿಕದ ಬೆಲ್ ದೂರವಾಣಿ ವ್ಯವಸ್ಥೆಯು ಟಿ-1 ಎಂಬ ಅಂಕೀಯ ಮಾರ್ಗವನ್ನು ಬಳಕೆಗೆ ತಂದಿತು. ರೀವ್ಸ್ ಕಂಡ ಕನಸು ಕಾಲು ಶತಮಾನದ ಅನಂತರ ನನಸಾಯಿತು. ಆದರೆ ಆ ವೇಳೆಗೆ ಅವರ ಪೇಟೆಂಟುಗಳ ಅವಧಿ ಮುಗಿದುಹೋಗಿತ್ತು. ಜಗತ್ತು ಅವರ ಬೆಳೆಯನ್ನು ಕೊಯ್ಯುವ ಹೊತ್ತಿಗೆ ಹೊಲದ ಮೇಲೆ ಅವರಿಗೆ ಯಾವ ಹಕ್ಕೂ ಉಳಿದಿರಲಿಲ್ಲ.

ಈ ಮಾರ್ಗದ ಲೆಕ್ಕಾಚಾರ ಕುತೂಹಲಕರವಾದುದು. ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ. ಪ್ರತಿ ಅಳತೆಗೆ 8 ದ್ವಿಮಾನ ಅಂಕಿಗಳು, ಅಂದರೆ ಬಿಟ್ಟುಗಳು. ಆದ್ದರಿಂದ ಒಬ್ಬರ ಮಾತಿಗೆ ಸೆಕೆಂಡಿಗೆ 64,000 ಬಿಟ್ಟುಗಳು ಬೇಕು. ಒಂದರ ಅಳತೆಯಾದ ಮೇಲೆ ಮತ್ತೊಂದರ ಅಳತೆಯನ್ನು ಸರದಿಯಂತೆ ಪೋಣಿಸಿದರೆ ಒಂದೇ ಮಾರ್ಗದಲ್ಲಿ ಅನೇಕ ಸಂಭಾಷಣೆಗಳು ಒಟ್ಟಿಗೆ ಸಾಗುತ್ತವೆ. ಟಿ-1 ಮಾರ್ಗದಲ್ಲಿ 24 ಸಂಭಾಷಣೆಗಳು. ಅದರ ವೇಗ ಸೆಕೆಂಡಿಗೆ 15,44,000 ಬಿಟ್ಟುಗಳು. ಯುರೋಪಿನಲ್ಲಿ ರೂಪುಗೊಂಡು ಭಾರತವೂ ಅನುಸರಿಸಿದ ಇ-1 ಮಾರ್ಗದಲ್ಲಿ 30 ಸಂಭಾಷಣೆಗಳು. ಅದರ ವೇಗ ಸೆಕೆಂಡಿಗೆ 20,48,000 ಬಿಟ್ಟುಗಳು.

ಮೊದಲು ದೂರವಾಣಿ ಕೇಂದ್ರಗಳ ನಡುವೆ ಮಾತ್ರ ಇದ್ದ ಇಂಥ ಮಾರ್ಗಗಳನ್ನು ಕ್ರಮೇಣ ಬ್ಯಾಂಕುಗಳು, ವಿಶ್ವವಿದ್ಯಾನಿಲಯಗಳು, ಕಾರ್ಖಾನೆಗಳು ನಿಯತವಾದ ಬಾಡಿಗೆ ಕೊಟ್ಟು ತಮಗಾಗಿಯೇ ಪಡೆಯತೊಡಗಿದವು. ಲೀಸ್ಡ್ ಲೈನ್ ಎಂದು ಕರೆಯುವ ಈ ಗುತ್ತಿಗೆಯ ಮಾರ್ಗದಲ್ಲಿ ಸಂಖ್ಯೆಯನ್ನು ತಿರುಗಿಸಿ ಕಾಯುವ ಅಗತ್ಯವಿಲ್ಲ. ಹಗಲಿರುಳೂ ಅದು ತೆರೆದಿರುತ್ತದೆ. ಅಂಕಿಗಳಿಗೆ ತಾವು ಮಾತೋ ಪತ್ರವೋ ಚಿತ್ರವೋ ಎಂಬ ಭೇದವಿಲ್ಲವಾದುದರಿಂದ, ಮಾತಿಗಾಗಿ ಹಾಕಿದ ದಾರಿಯಲ್ಲಿಯೇ ಗಣಕಯಂತ್ರಗಳ ಮಾಹಿತಿಯೂ ಹರಿಯಿತು. ಅಮೆರಿಕದ ವಿದ್ಯಾಸಂಸ್ಥೆಗಳನ್ನು ಬೆಸೆದ ಎನ್‌ಎಸ್‌ಎಫ್‌ನೆಟ್ ಎಂಬ ಜಾಲವು 1988ರಲ್ಲಿ ಟಿ-1 ಮಾರ್ಗಗಳನ್ನೇ ತನ್ನ ಬೆನ್ನೆಲುಬಾಗಿ ಮಾಡಿಕೊಂಡಿತು. ಇಂದಿನ ಇಂಟರ್‌ನೆಟ್ ಬೆಳೆದುಬಂದ ಹಾದಿಯಲ್ಲಿ ಅದೊಂದು ಮುಖ್ಯ ಮಜಲು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ತನ್ನ ಕೆಲಸವನ್ನು ಸಾಗರದಾಚೆಗೆ ತಲಪಿಸಿದ್ದೂ ಉಪಗ್ರಹದ ಮೂಲಕ ಪಡೆದ ಇಂಥದೇ ಪ್ರತ್ಯೇಕ ಸಂಪರ್ಕದಿಂದ. ಅನಂತರ ನಮ್ಮ ನಾಡಿನಲ್ಲಿ ಬೆಳೆದ ತಂತ್ರಾಂಶ ಉದ್ಯಮಕ್ಕೆ ಇಂಥ ಸಂಪರ್ಕಗಳು ಜೀವನಾಡಿಯಾದವು.

ಇವೆಲ್ಲವನ್ನೂ ಕಾಣಲು ರೀವ್ಸ್ ಉಳಿದಿರಲಿಲ್ಲ. ಆದರೆ ಮುಂದಿನ ಹೆಜ್ಜೆಯನ್ನು ಅವರು ಊಹಿಸಿದ್ದರು. ಅಂಕಿಗಳಿಗೆ ಬೇಕಾದ ಅಗಲವಾದ ದಾರಿಯು ಬೆಳಕಿನಲ್ಲಿದೆ ಎಂದು ನಂಬಿ, ಹಾರ್ಲೋ ಪಟ್ಟಣದ ಸ್ಟ್ಯಾಂಡರ್ಡ್ ಟೆಲಿಕಮ್ಯುನಿಕೇಷನ್ ಪ್ರಯೋಗಾಲಯದಲ್ಲಿ ಬೆಳಕಿನ ಮೂಲಕ ಸಂಪರ್ಕ ಕಲ್ಪಿಸುವ ಸಂಶೋಧನೆಗೆ ಒತ್ತಾಸೆಯಾಗಿ ನಿಂತರು. ಅಲ್ಲಿಯೇ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವೊ ಅವರು ಜಾರ್ಜ್ ಹಾಕ್‌ಹ್ಯಾಮ್ ಅವರೊಡನೆ 1966ರಲ್ಲಿ, ಶುದ್ಧವಾದ ಗಾಜಿನ ಎಳೆಯಲ್ಲಿ ಸಂದೇಶವನ್ನು ಬಹುದೂರ ಕಳುಹಿಸಬಹುದೆಂದು ತೋರಿಸಿಕೊಟ್ಟರು. ಆ ಕಾರ್ಯಕ್ಕಾಗಿ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಈಗ ತಾಮ್ರದ ತಂತಿಯ ಸ್ಥಾನದಲ್ಲಿ ಬಹುಮಟ್ಟಿಗೆ ಗಾಜಿನ ಎಳೆ ಬಂದಿದೆ. ಹಳೆಯ ಟಿ-1, ಇ-1 ಮಾರ್ಗಗಳಿಗಿಂತ ಸಾವಿರಾರು ಪಟ್ಟು ವೇಗದ ಮಾರ್ಗಗಳು ಬಂದಿವೆ. ಆದರೂ ಅವುಗಳಲ್ಲಿ ಓಡುವುದು ರೀವ್ಸ್ ನೆಚ್ಚಿದ ಆ ಒಂದು ಮತ್ತು ಸೊನ್ನೆಗಳೇ.

ಗೌರವಗಳು ತಡವಾಗಿಯಾದರೂ ಅವರನ್ನು ಅರಸಿ ಬಂದವು. ಫ್ರಾಂಕ್ಲಿನ್ ಸಂಸ್ಥೆಯು 1965ರಲ್ಲಿ ಪದಕವನ್ನಿತ್ತು ಗೌರವಿಸಿತು. 1969ರಲ್ಲಿ ಬ್ರಿಟಿಷ್ ಅಂಚೆ ಇಲಾಖೆಯು ಪಲ್ಸ್ ಕೋಡ್ ಮಾಡ್ಯುಲೇಷನ್ನಿನ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ರೀವ್ಸ್ ಮಾತ್ರ ಕೀರ್ತಿಗಾಗಿ ಹಂಬಲಿಸಿದವರಲ್ಲ. ಬಿಡುವಿನ ವೇಳೆಯನ್ನು ಅವರು ತರುಣರ ಆಸಕ್ತಿಗಳನ್ನು ಪೋಷಿಸುವುದಕ್ಕೂ, ಸೆರೆವಾಸ ಅನುಭವಿಸಿದವರು ಮತ್ತೆ ಸಮಾಜದಲ್ಲಿ ನೆಲೆಗೊಳ್ಳಲು ನೆರವಾಗುವುದಕ್ಕೂ ಮೀಸಲಿಟ್ಟಿದ್ದರು. 1971ರ ಅಕ್ಟೋಬರ್ 13ರಂದು ಅವರು ನಿಧನ ಹೊಂದಿದರು.

ಬಿತ್ತಿದವನೇ ಬೆಳೆಯನ್ನು ಉಣ್ಣಬೇಕೆಂಬ ನಿಯಮವಿಲ್ಲ. ಮಾವಿನ ಸಸಿಯನ್ನು ನೆಟ್ಟ ಹಿರಿಯರು ಹಣ್ಣನ್ನು ಮೊಮ್ಮಕ್ಕಳಿಗೆ ಬಿಟ್ಟುಹೋಗುತ್ತಾರೆ. ರೀವ್ಸ್ ಅವರು ನೆಟ್ಟ ಸಸಿಯೂ ಅಂಥದೇ. ದೂರದ ಊರಿನಲ್ಲಿರುವ ಮಗನ ಧ್ವನಿಯು ತಾಯಿಯ ಕಿವಿಗೆ ಪಕ್ಕದಲ್ಲಿಯೇ ನಿಂತು ಮಾತನಾಡಿದಷ್ಟು ಸ್ಪಷ್ಟವಾಗಿ ಕೇಳಿಸುವಾಗ, ಗದ್ದಲವನ್ನು ಗದ್ದಲದಿಂದಲ್ಲ, ಎಣಿಕೆಯಿಂದ ಗೆದ್ದ ಆ ತಾಳ್ಮೆಯ ಸಾಧಕರು ಸ್ಮರಣೀಯರಾಗುತ್ತಾರೆ.